ಅಪ್ಪನ ಗಮಕ ವಾಚನ ದಾಖಲಿಸಲು ಯಾವ ಆಪರೇಟಿಂಗ್ ಸಿಸ್ಟಂ? ಹಳೆಯ ಲ್ಯಾಪ್‌ಟಾಪ್, ಎರಡು ಮೈಕ್, ನಲವತ್ತು ಸಾವಿರ ರೂಪಾಯಿ

ಹೊಳೆಸಾಲು (ಸಾಗರ), ನವೆಂಬರ್ 8, 2025, ರಾತ್ರಿ 9.40

ನಮಸ್ಕಾರ. ನಮ್ಮ ಅಪ್ಪ ಗಮಕಿ, ಎಪ್ಪತ್ತಾರು ವರ್ಷ. ಅವರ ವಾಚನಕ್ಕೆ ಅವರ ಸ್ನೇಹಿತರೊಬ್ಬರು ಮೊದಲಿನಿಂದಲೂ ವ್ಯಾಖ್ಯಾನ ಮಾಡುತ್ತಾ ಬಂದಿದ್ದಾರೆ. ಇಬ್ಬರಿಗೂ ಆರೋಗ್ಯವಿರುವಾಗಲೇ ಕೂರಿಸಿ ಕಾವ್ಯದ ಒಂದಷ್ಟು ಸಂಧಿಗಳನ್ನು (ಅಧ್ಯಾಯಗಳನ್ನು) ಚೆನ್ನಾಗಿ ದಾಖಲಿಸಬೇಕೆಂದು ಆಸೆ. ನಮ್ಮದು ಹೆಂಚಿನ ಮನೆ. ಜೂನ್ ಬಂದರೆ ಆಮೇಲೆ ಮೈಕ್ ಹಿಡಿಯುವ ಮಾತೇ ಇಲ್ಲ. ಆದ್ದರಿಂದ ಈ ಚಳಿಗಾಲದಲ್ಲೇ ಆಗಬೇಕು.

ನನ್ನ ಬಳಿ ಇರುವುದು ಒಂಬತ್ತು ವರ್ಷದ ಲ್ಯಾಪ್‌ಟಾಪ್: ಆರನೆಯ ತಲೆಮಾರಿನ ಐ5, 8 ಜಿಬಿ ರ್ಯಾಮ್, ವಿಂಡೋಸ್ 10. ಎರಡು ಮೈಕ್ ಚುಚ್ಚುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಪೆಟ್ಟಿಗೆ ಒಂದು, ಸಣ್ಣ ಸದ್ದನ್ನೂ ಹಿಡಿಯುವ ಕಂಡೆನ್ಸರ್ ಮೈಕ್ ಒಂದು, ಡೈನಾಮಿಕ್ ಮೈಕ್ ಒಂದು. ಅಂಗಡಿಯವರು ಹೇಳಿದ್ದು: ವಿಂಡೋಸ್ 10 ಮುಗಿಯಿತು, ಈ ಯಂತ್ರಕ್ಕೆ 11 ಹತ್ತುವುದಿಲ್ಲ, ಹೊಸದು ತೆಗೆದುಕೊಳ್ಳಿ. ಶಾಲೆಯ ಸಹೋದ್ಯೋಗಿ ಮ್ಯಾಕ್ ಎನ್ನುತ್ತಾರೆ. ತಮ್ಮ ಲಿನಕ್ಸ್ ಎನ್ನುತ್ತಾನೆ, ಆದರೆ ಹಾಕಿಕೊಡಲು ಊರಿಗೆ ಬರುವುದಿಲ್ಲ. ಹೆಚ್ಚೆಂದರೆ ನಲವತ್ತು ಸಾವಿರ ಹೊಂದಿಸಬಲ್ಲೆ. ಏನು ಮಾಡಲಿ?

ಹೆಡ್‌ಫೋನ್ ಕಿವಿ (ಮೈಸೂರು), ನವೆಂಬರ್ 8, ರಾತ್ರಿ 10.15

ಮೇಡಂ, ಮ್ಯಾಕ್ ತೆಗೆದುಕೊಳ್ಳಿ, ತಲೆಬಿಸಿ ಬೇಡ. ನಾನು ಮನೆಯಲ್ಲೇ ಜಾಹೀರಾತುಗಳಿಗೆ ಧ್ವನಿ ಕೊಡುವವನು, ದಿನಕ್ಕೆ ಆರು ಗಂಟೆ ಇದೇ ಕೆಲಸ. ಮ್ಯಾಕ್‌ನಲ್ಲಿ ಧ್ವನಿಯ ವ್ಯವಸ್ಥೆ, ಅದನ್ನು ಕೋರ್ ಆಡಿಯೊ ಎನ್ನುತ್ತಾರೆ, ಸಿಸ್ಟಂನ ಒಳಗೇ ಇದೆ. ಪೆಟ್ಟಿಗೆಯನ್ನು ಚುಚ್ಚಿದರೆ ಸಾಕು, ಬಹುತೇಕ ಯಾವ ಡ್ರೈವರನ್ನೂ (ಪೆಟ್ಟಿಗೆಯನ್ನು ಸಿಸ್ಟಂಗೆ ಪರಿಚಯಿಸುವ ತಂತ್ರಾಂಶ) ಹುಡುಕಬೇಕಾಗಿಲ್ಲ. ಗ್ಯಾರೇಜ್‌ಬ್ಯಾಂಡ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಉಚಿತ, ಗಮಕಕ್ಕೆ ಧಾರಾಳವಾಯಿತು.

ಎಂ4 ಮ್ಯಾಕ್ ಮಿನಿ 2024ರಲ್ಲಿ ಬಂದಾಗ ಇಲ್ಲಿ 59,900 ರೂಪಾಯಿಯಿಂದ ಶುರುವಾಗಿತ್ತು. ನಿಮ್ಮ ಲೆಕ್ಕಕ್ಕೆ ಅದು ಮೀರುತ್ತದೆ. ಆದರೆ 2020ರ ಎಂ1 ಮಿನಿಯೋ ಎಂ1 ಏರ್ ಲ್ಯಾಪ್‌ಟಾಪೋ ಕೈಬದಲಾಗಿದ್ದು ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಏರ್‌ನಲ್ಲಿ ಫ್ಯಾನೇ ಇಲ್ಲ. ಅದರ ಬೆಲೆ ಕಂಡೆನ್ಸರ್ ಮೈಕ್ ಇಟ್ಟವರಿಗೆ ಮಾತ್ರ ಗೊತ್ತು. ಇಂಟೆಲ್ ಚಿಪ್ಪಿನ ಹಳೆಯ ಮ್ಯಾಕ್ ಮಾತ್ರ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಈಗಿನ ಮ್ಯಾಕ್ ಓಎಸ್ 26ರ ನಂತರದ ಆವೃತ್ತಿಗಳು ಅದರ ಮೇಲೆ ಬರುವುದಿಲ್ಲವೆಂದು ಆಪಲ್ ಹೇಳಿಯಾಗಿದೆ.

ಕಿರುತಂತಿ (ಬೆಂಗಳೂರು), ನವೆಂಬರ್ 8, ರಾತ್ರಿ 10.52

ಇರುವ ಲ್ಯಾಪ್‌ಟಾಪ್ ಚೆನ್ನಾಗಿ ಓಡುತ್ತಿರುವಾಗ ನಲವತ್ತು ಸಾವಿರ ಯಾಕೆ ಸುರಿಯಬೇಕು? ಒಂದು ಎಸ್‌ಎಸ್‌ಡಿ (ವೇಗದ ಡಿಸ್ಕ್) ಹಾಕಿಸಿ, ಧ್ವನಿ-ಚಿತ್ರದ ಕೆಲಸಕ್ಕೆಂದೇ ಮಾಡಿದ ಲಿನಕ್ಸ್ ಆದ ಉಬುಂಟು ಸ್ಟುಡಿಯೊ 24.04 ಇಳಿಸಿಕೊಳ್ಳಿ. ಆರ್ಡರ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಅದರೊಟ್ಟಿಗೇ ಬರುತ್ತದೆ. (ಹೋಟೆಲಿನ ಆರ್ಡರ್ ಅಲ್ಲ, ಉಚ್ಚಾರ ಮಾತ್ರ ಅದೇ.)

ಲಿನಕ್ಸ್‌ನಲ್ಲಿ ಆಡಿಯೊ ಎಂದರೆ ತಲೆನೋವು ಎನ್ನುವವರು ಹತ್ತು ವರ್ಷದ ಹಿಂದಿನ ಮಾತನ್ನೇ ಇಂದಿಗೂ ಆಡುತ್ತಿದ್ದಾರೆ. ಆಗ ಆಲ್ಸಾ, ಪಲ್ಸ್‌ಆಡಿಯೊ, ಜ್ಯಾಕ್ ಎಂದು ಧ್ವನಿ ನಡೆಸುವ ಮೂರು ಪದರಗಳಿದ್ದು, ಒಂದನ್ನು ಎಬ್ಬಿಸಿದರೆ ಇನ್ನೊಂದು ಮಲಗುತ್ತಿತ್ತು ಎಂಬುದು ನಿಜ. ಈಗ ಪೈಪ್‌ವೈರ್ ಇದೆ. 2021ರಲ್ಲಿ ಫೆಡೋರಾ 34 ಎಂಬ ಲಿನಕ್ಸ್ ಅದನ್ನು ಮೂಲವ್ಯವಸ್ಥೆಯಾಗಿ ತೆಗೆದುಕೊಂಡಿತು, ಮುಂದಿನ ವರ್ಷ ಉಬುಂಟು ಕೂಡ. ವರ್ಷಗಟ್ಟಲೆ ಹೊರಗೆ ನಿಂತಿದ್ದ, ಕೆಲಸ ಸಮಯಕ್ಕೆ ತಪ್ಪದಂತೆ ನೋಡಿಕೊಳ್ಳುವ ರಿಯಲ್‌ಟೈಂ ತೇಪೆಗಳು 2024ರ ಕೊನೆಗೆ ಲಿನಕ್ಸ್‌ನ ತಿರುಳಾದ 6.12 ಕರ್ನಲ್‌ನ ಒಳಗೇ ಸೇರಿಕೊಂಡಿವೆ. ಧ್ವನಿಯ ತುಣುಕುಗಳನ್ನು (ಸ್ಯಾಂಪಲ್) ಕೂಡಿಟ್ಟು ಕಳಿಸುವ ಬಫರನ್ನು 64 ಸ್ಯಾಂಪಲಿಗೆ ಇಳಿಸಿ ನಾನು ದಿನವೂ ಕೆಲಸ ಮಾಡುತ್ತೇನೆ.

ಹೆಡ್‌ಫೋನ್ ಕಿವಿ, ನವೆಂಬರ್ 8, ರಾತ್ರಿ 11.05

ನೀವು ಮಾಡುತ್ತೀರಿ, ಒಪ್ಪಿದೆ. ಮಾಸ್ತರಿಕೆ ಮಾಡುವವರು ಉತ್ತರಪತ್ರಿಕೆ ತಿದ್ದಿ ಎದ್ದ ಮೇಲೆ ಕರ್ನಲ್ ಎಂದರೇನು ಎಂದು ಓದುತ್ತಾ ಕೂರಬೇಕೇ?

ಕಿರುತಂತಿ, ನವೆಂಬರ್ 8, ರಾತ್ರಿ 11.11

ಕೈಬದಲಾದ ಮ್ಯಾಕ್ ಸಾಗರದಲ್ಲಿ ಕೆಟ್ಟರೆ ಯಾರ ಹತ್ತಿರ ಹೋಗಬೇಕು ಎಂಬುದನ್ನೂ ಹೇಳಿಬಿಡಿ.

ಕಾಳಿ ಎರಡು (ಧಾರವಾಡ), ನವೆಂಬರ್ 9, ಬೆಳಿಗ್ಗೆ 6.30

ರಾತ್ರಿ ಇಬ್ಬರೂ ಜಗಳವಾಡಿ ಮಲಗಿದ್ದೀರಿ, ವಿಂಡೋಸಿನ ಪರವಾಗಿ ಒಬ್ಬರಾದರೂ ಬೇಡವೇ? ನಾನು ಹಾರ್ಮೋನಿಯಂ ಸಾಥಿ. ಮನೆಯಲ್ಲಿ ವಿದ್ಯಾರ್ಥಿಗಳ ಹಾಡು ದಾಖಲಿಸಿಕೊಳ್ಳಲು ಹದಿನೈದು ವರ್ಷದಿಂದ ವಿಂಡೋಸನ್ನೇ ನೆಚ್ಚಿಕೊಂಡಿದ್ದೇನೆ.

ತಂಗೀ, ಮೊದಲು ಒಂದು ಮಾತು. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ನಿಂತಿತು ಎಂದರೆ ಯಂತ್ರ ನಿಂತಿತು ಎಂದಲ್ಲ. ಭದ್ರತೆಯ ಅಪ್‌ಡೇಟುಗಳನ್ನು ಇನ್ನೂ ಒಂದು ವರ್ಷ, 2026ರ ಅಕ್ಟೋಬರ್‌ವರೆಗೆ, ಪಡೆಯುವ ದಾರಿ ಇದೆ. ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕು ಸೆಟ್ಟಿಂಗ್‌ಗಳ ಬ್ಯಾಕಪ್ ಚಾಲೂ ಮಾಡಿದರೆ ಹಣವನ್ನೂ ಕೊಡಬೇಕಾಗಿಲ್ಲ. 11 ಹತ್ತುವುದಿಲ್ಲ ಎಂದು ಅಂಗಡಿಯವರು ಹೇಳಿದ್ದು ನಿಜ. ಅದಕ್ಕೆ ಇಂಟೆಲ್‌ನ ಎಂಟನೆಯ ತಲೆಮಾರು, ಟಿಪಿಎಂ 2.0 ಎಂಬ ಭದ್ರತೆಯ ವ್ಯವಸ್ಥೆ ಬೇಕು. ಅಡ್ಡದಾರಿಯಲ್ಲಿ ಹತ್ತಿಸುವವರಿದ್ದಾರೆ, ಅಪ್ಪನ ಧ್ವನಿಯನ್ನು ಅಂಥ ಯಂತ್ರಕ್ಕೆ ಒಪ್ಪಿಸಬೇಡಿ.

ಇನ್ನು ವಿಂಡೋಸಿನ ಗುಟ್ಟು ಎಲ್ಲಾ ಡ್ರೈವರ್‌ನಲ್ಲಿದೆ. ಸ್ಟೈನ್‌ಬರ್ಗ್‌ನವರು 1997ರಲ್ಲಿ ತಂದ ಎಎಸ್‌ಐಓ ಎಂಬ, ಧ್ವನಿಯನ್ನು ಕಡಿಮೆ ತಡದಲ್ಲಿ ಸಾಗಿಸುವ ಪದ್ಧತಿಯ ಡ್ರೈವರನ್ನು ನಿಮ್ಮ ಪೆಟ್ಟಿಗೆಯ ಕಂಪನಿಯೇ ಕೊಟ್ಟಿದ್ದರೆ ಅದನ್ನೇ ಹಾಕಿಕೊಳ್ಳಿ. ಕೊಟ್ಟಿಲ್ಲವೆಂದರೆ ಎಎಸ್‌ಐಓ4ಆಲ್ ಎಂಬ ಮುಸುಕು ಹಾಕಿ ನಡೆಸಬಹುದು, ಆದರೆ ಅದು ಸ್ವಂತ ಡ್ರೈವರಿನ ಸಮಕ್ಕೆ ಬರುವುದಿಲ್ಲ.

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹತ್ತು ನಿಮಿಷಕ್ಕೊಮ್ಮೆ ಟಕ್ ಎಂದು ಬರುತ್ತಿತ್ತು. ಮೈಕ್ ಬದಲಾಯಿಸಿದೆ, ಕೇಬಲ್ ಬದಲಾಯಿಸಿದೆ. ಹಾರ್ಮೋನಿಯಂನ ರೀಡೇ ಸಡಿಲವಾಗಿದೆಯೇನೋ ಎಂದು ಬಿಚ್ಚಿಯೂ ನೋಡಿದೆ. ಕೊನೆಗೆ ಲೇಟೆನ್ಸಿಮಾನ್ ಎಂಬ, ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ತೋರಿಸುವ ಉಚಿತ ತಂತ್ರಾಂಶವನ್ನು ಅರ್ಧ ಗಂಟೆ ಓಡಿಸಿ ಬಿಟ್ಟೆ. ವೈಫೈ ಕಾರ್ಡಿನ ಡ್ರೈವರಿನ ಮುಂದೆ ಕೆಂಪು ಗೆರೆ ಬಂತು. ಪ್ರೊಸೆಸರನ್ನು ಅದು ಆಗೀಗ ತಾನೊಬ್ಬನೇ ಹಿಡಿದಿಟ್ಟುಕೊಳ್ಳುತ್ತಿತ್ತು, ಅಷ್ಟರಲ್ಲಿ ಧ್ವನಿಯ ಬಫರ್ ಬರಿದಾಗುತ್ತಿತ್ತು. ಅಂದಿನಿಂದ ರೆಕಾರ್ಡಿಂಗ್ ಎಂದರೆ ವೈಫೈ ಬಂದ್. ಪವರ್ ಪ್ಲಾನನ್ನು ಹೈ ಪರ್ಫಾರ್ಮೆನ್ಸ್‌ಗೆ ಇಡಿ, ಯುಎಸ್‌ಬಿ ನಿದ್ದೆಗೆ ಜಾರದಂತೆ ಮಾಡಿ. ಟಕಟಕ ಆಮೇಲೂ ನಿಲ್ಲದಿದ್ದರೆ ಕೇಳಿ.

ಮದ್ದಲೆ ಗತ್ತು (ಉಡುಪಿ), ನವೆಂಬರ್ 9, ಬೆಳಿಗ್ಗೆ 8.02

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನೂ ಇದೇ ಹುಡುಕಾಟದಲ್ಲಿದ್ದೇನೆ. ಯಕ್ಷಗಾನದ ಭಾಗವತರು ಮೊದಲೇ ಹಾಡಿ ಕಳಿಸಿದ ಪದವನ್ನು (ಹಾಡನ್ನು) ಹೆಡ್‌ಫೋನಿನಲ್ಲಿ ಕೇಳುತ್ತಾ ಮದ್ದಲೆ ನುಡಿಸಿ ಸೇರಿಸಬೇಕು. ನುಡಿಸಿದ್ದು ಕಿವಿಗೆ ತಡವಾಗಿ ಬರುತ್ತದೆ. ಗತ್ತು ಜಾರುತ್ತದೆ. ಇದಕ್ಕೆ ಯಾವ ಸಿಸ್ಟಂ ಒಳ್ಳೆಯದು?

ಕಿರುತಂತಿ, ನವೆಂಬರ್ 9, ಬೆಳಿಗ್ಗೆ 9.20

@ಮದ್ದಲೆ ಗತ್ತು: ಲೆಕ್ಕ ಹಾಕಿ ನೋಡೋಣ. ಸೆಕೆಂಡಿಗೆ 48,000 ಸ್ಯಾಂಪಲ್ ಎಂದಾದರೆ 256 ಸ್ಯಾಂಪಲಿನ ಬಫರ್ ತುಂಬಲು 5.3 ಮಿಲಿಸೆಕೆಂಡು. ಒಳಗೆ ಬರುವಾಗ ಒಮ್ಮೆ, ಹೊರಗೆ ಹೋಗುವಾಗ ಒಮ್ಮೆ. ಯುಎಸ್‌ಬಿ, ಪರಿವರ್ತಕಗಳ ಪಾಲು ಸೇರಿದರೆ ಹನ್ನೆರಡು, ಹದಿನೈದಕ್ಕೆ ಹೋಗುತ್ತದೆ. ಗಾಳಿಯಲ್ಲಿ ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಚಲಿಸುತ್ತದೆ. ಅಂದರೆ ಹದಿನೈದು ಮಿಲಿಸೆಕೆಂಡು ಎಂದರೆ ಮದ್ದಲೆ ನಿಮ್ಮಿಂದ ಐದು ಮೀಟರ್ ಆಚೆ ಇದ್ದ ಹಾಗೆ. ರಂಗಸ್ಥಳದಲ್ಲಿ ಭಾಗವತರು ನಿಮ್ಮಿಂದ ಎರಡು ಮೀಟರ್ ದೂರ ಕೂತರೂ ಆರು ಮಿಲಿಸೆಕೆಂಡು ತಡವೇ, ಅದು ಯಾರಿಗೂ ಗೊತ್ತಾಗುವುದಿಲ್ಲ. ಬಫರನ್ನು 64ಕ್ಕೆ ಇಳಿಸಿದರೆ 1.3 ಮಿಲಿಸೆಕೆಂಡು. ಯಂತ್ರ ಅಷ್ಟನ್ನು ತಡೆದುಕೊಳ್ಳಬೇಕು, ಅಷ್ಟೆ.

ಕಾಳಿ ಎರಡು, ನವೆಂಬರ್ 9, ಬೆಳಿಗ್ಗೆ 9.41

ಇಷ್ಟು ಲೆಕ್ಕ ಏಕೆ? ಮದ್ದಲೆಯವರ ಪೆಟ್ಟಿಗೆಯಲ್ಲಿ ಡೈರೆಕ್ಟ್ ಮಾನಿಟರ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ಧ್ವನಿ ಕಂಪ್ಯೂಟರಿಗೆ ಹೋಗಿ ಸುತ್ತಿ ಬರದೆ ನೇರವಾಗಿ ಹೆಡ್‌ಫೋನಿಗೆ ಬರುತ್ತದೆ. ತಂತ್ರಾಂಶದೊಳಗೆ ಅದೇ ಟ್ರ್ಯಾಕನ್ನು ಮ್ಯೂಟ್ ಮಾಡಿ, ಇಲ್ಲದಿದ್ದರೆ ಎರಡೆರಡು ಕೇಳುತ್ತದೆ.

ಮದ್ದಲೆ ಗತ್ತು, ನವೆಂಬರ್ 9, ಬೆಳಿಗ್ಗೆ 10.30

ಗುಂಡಿ ಸಿಕ್ಕಿತು!! ಎರಡು ವರ್ಷದಿಂದ ಅದು ಯಾತಕ್ಕೆ ಎಂದೇ ಗೊತ್ತಿರಲಿಲ್ಲ. ಹೊಸ ಕಂಪ್ಯೂಟರಿನ ಯೋಚನೆ ಸದ್ಯಕ್ಕೆ ಬಿಟ್ಟೆ.

ಹಳೆಯ ಸ್ಪೂಲು, ನವೆಂಬರ್ 9, ಸಂಜೆ 4.15

ಎಲ್ಲರ ಮಾತನ್ನೂ ಓದಿದೆ. ನಾನು ರೇಡಿಯೊದಲ್ಲಿ ಧ್ವನಿಮುದ್ರಣದ ಕೆಲಸ ಮಾಡಿ ನಿವೃತ್ತನಾದವನು. ಬ್ಲೇಡಿನಿಂದ ಟೇಪ್ ಕತ್ತರಿಸಿ ಅಂಟಿಸಿದ ಕೈ. ಕಂಪ್ಯೂಟರಿನ ವಿಷಯದಲ್ಲಿ ನಿಮ್ಮಷ್ಟು ತಿಳಿದವನಲ್ಲ. ಆದರೆ ಪ್ರಶ್ನೆ ಕೇಳಿದ ತಾಯಿಗೆ ಇದುವರೆಗೆ ಯಾರೂ ಒಂದು ಮರುಪ್ರಶ್ನೆ ಕೇಳಲಿಲ್ಲ.

ನಿಮ್ಮ ತಂದೆಯವರೂ ಅವರ ಸ್ನೇಹಿತರೂ ಹೆಡ್‌ಫೋನ್ ಹಾಕಿಕೊಂಡು ಹಾಡುತ್ತಾರೆಯೇ? ಒಬ್ಬರು ಇಂದು, ಇನ್ನೊಬ್ಬರು ನಾಳೆ, ಬೇರೆ ಬೇರೆಯಾಗಿ ದಾಖಲಿಸುವ ಉದ್ದೇಶವಿದೆಯೇ? ಇಲ್ಲ ಎಂದೇ ನನ್ನ ಊಹೆ. ಎದುರುಬದುರು ಕೂತು, ಪಕ್ಕದಲ್ಲಿ ಶ್ರುತಿ ಇಟ್ಟುಕೊಂಡು, ಒಬ್ಬರು ಪದ್ಯ ಹೇಳುವುದು, ಇನ್ನೊಬ್ಬರು ಅರ್ಥ ಹೇಳುವುದು. ಹಾಗಿದ್ದರೆ ಮೇಲಿನ ಮಿಲಿಸೆಕೆಂಡಿನ ಚರ್ಚೆಗೂ ನಿಮಗೂ ಸಂಬಂಧವೇ ಇಲ್ಲ. ಬಫರನ್ನು 1024ಕ್ಕೆ ಏರಿಸಿಬಿಡಿ. ಅದು 21 ಮಿಲಿಸೆಕೆಂಡು ತಡವಾಗಿ ಬಂದರೆ ಕೇಳಿಸಿಕೊಳ್ಳುವವರು ಯಾರು? ಬಫರ್ ದೊಡ್ಡದಿದ್ದರೆ ಒಂಬತ್ತು ವರ್ಷದ ಯಂತ್ರವೂ ಉಸಿರು ಬಿಡಲು ಪುರುಸೊತ್ತು ಪಡೆಯುತ್ತದೆ.

ನಿಮಗೆ ಬೇಕಾಗಿರುವುದು ವೇಗದ ಯಂತ್ರವಲ್ಲ. ಒಂದೂವರೆ ಗಂಟೆ ಬಾಯಿಮುಚ್ಚಿಕೊಂಡು ಕೂರುವ ಯಂತ್ರ. ನಡುವೆ ಅಪ್‌ಡೇಟ್ ಎನ್ನಬಾರದು, ಫ್ಯಾನ್ ಗಿರ್ ಎನ್ನಬಾರದು, ನಿದ್ದೆಗೆ ಹೋಗಬಾರದು. ಎಪ್ಪತ್ತಾರರ ಗಮಕಿಗೆ, ದಯವಿಟ್ಟು ಇನ್ನೊಮ್ಮೆ ಹೇಳಿ ಎನ್ನುವ ಸ್ಥಿತಿ ಬರಬಾರದು. ಎರಡನೆಯ ಸಲ ಹೇಳಿದ್ದು ಮೊದಲನೆಯದರ ಹಾಗೆ ಇರುವುದಿಲ್ಲ. ಇದನ್ನು ನಾನು ಸ್ಟುಡಿಯೊದಲ್ಲಿ ಎಷ್ಟು ಸಲ ಕಂಡಿದ್ದೇನೋ ಲೆಕ್ಕವಿಲ್ಲ.

ಹೊಳೆಸಾಲು, ನವೆಂಬರ್ 9, ರಾತ್ರಿ 8.50

ಸರ್, ನೀವು ಹೇಳಿದ ಹಾಗೆಯೇ. ಹೆಡ್‌ಫೋನ್ ಹಾಕಿಕೊಳ್ಳಿ ಎಂದರೆ ಅಪ್ಪ ಎದ್ದೇ ಹೋಗುತ್ತಾರೆ. ನೇರ ವಾಚನ, ನೇರ ವ್ಯಾಖ್ಯಾನ, ಒಂದು ಸಂಧಿಗೆ ಗಂಟೆಯೋ ಒಂದೂಕಾಲು ಗಂಟೆಯೋ ಆಗುತ್ತದೆ.

ಇವತ್ತು ಇರುವ ವಿಂಡೋಸಿನಲ್ಲೇ ಹತ್ತು ನಿಮಿಷ ಪರೀಕ್ಷಿಸಿದೆ. ಎರಡು ತೊಂದರೆ. ಒಂದು, ಹಿಂದೆ ಸಣ್ಣಗೆ ಝುಂಯ್ ಎನ್ನುವ ಸದ್ದು. ಇನ್ನೊಂದು, ಐದನೆಯ ನಿಮಿಷಕ್ಕೆ ಲ್ಯಾಪ್‌ಟಾಪಿನ ಫ್ಯಾನ್ ಶುರುವಾಗಿ ಕಂಡೆನ್ಸರ್ ಮೈಕಿನಲ್ಲಿ ಹೊಳೆಯ ಹಾಗೆ ಕೇಳುತ್ತಿದೆ. ಸಿಸ್ಟಂ ಬದಲಾಯಿಸಿದರೆ ಇವು ಹೋಗುತ್ತವೆಯೇ?

ಕಾಳಿ ಎರಡು, ನವೆಂಬರ್ 9, ರಾತ್ರಿ 9.10

ಝುಂಯ್ ಎನ್ನುವುದು ಸಿಸ್ಟಂ ಅಲ್ಲ, ಕರೆಂಟು. ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ಓಡಿಸಿ ನೋಡಿ. ಹೋದರೆ ಬಹುಶಃ ನಿಮ್ಮ ಪ್ಲಗ್ಗಿಗೆ ಅರ್ಥಿಂಗ್ ಸರಿಯಿಲ್ಲ. ಹಳೆಯ ಮನೆಗಳಲ್ಲಿ ಮೂರನೆಯ ತೂತು ಇರುತ್ತದೆ, ಅದರ ಹಿಂದೆ ತಂತಿಯೇ ಇರುವುದಿಲ್ಲ.

ಹಳೆಯ ಸ್ಪೂಲು, ನವೆಂಬರ್ 9, ರಾತ್ರಿ 9.45

ಫ್ಯಾನಿಗೆ ನಮ್ಮ ಕಾಲದ ಉಪಾಯವೇ ಸಾಕು: ಯಂತ್ರ ಪಕ್ಕದ ಕೋಣೆಯಲ್ಲಿ, ಮೈಕ್ ಈ ಕೋಣೆಯಲ್ಲಿ. ಆದರೆ ಉದ್ದ ಮಾಡಬೇಕಾದದ್ದು ಯುಎಸ್‌ಬಿ ತಂತಿಯನ್ನಲ್ಲ, ಮೈಕಿನ ತಂತಿಯನ್ನು. ಎಕ್ಸ್‌ಎಲ್‌ಆರ್ ಕೇಬಲ್ ಹತ್ತು ಮೀಟರ್ ಇದ್ದರೂ ಏನೂ ಕೆಡುವುದಿಲ್ಲ. ಬಾಗಿಲ ಕೆಳಗೆ ತಂತಿ ತೂರಿಸಿ, ಸಂದಿಗೆ ಹಳೆಯ ಸೀರೆ ತುರುಕಿ. ಗಮಕಿಗಳ ಬೆನ್ನ ಹಿಂದೆ ಒಂದು ಕಂಬಳಿ ಇಳಿಬಿಡಿ. ಮೈಕ್ ಬಾಯಿಯಿಂದ ಒಂದು ಅಡಿ ಇದ್ದರೆ ಎರಡು ಮೈಕುಗಳ ನಡುವೆ ಮೂರು ಅಡಿಯಾದರೂ ಇರಲಿ. ಫ್ರಿಜ್ ಆರಿಸಿ. ಮತ್ತೆ ಹಾಕಲು ಮರೆಯದಂತೆ ಮನೆಯ ಬೀಗದ ಕೈಯನ್ನು ಅದರೊಳಗೇ ಇಡಿ.

ಹೆಡ್‌ಫೋನ್ ಕಿವಿ, ನವೆಂಬರ್ 9, ರಾತ್ರಿ 10.20

ಬೀಗದ ಕೈ ಫ್ರಿಜ್‌ನೊಳಗೆ! ಇದನ್ನು ನಾಳೆಯಿಂದಲೇ ಮಾಡುತ್ತೇನೆ.

ಸರಿ, ಸ್ಪೂಲು ರಾಯರು ಹೇಳಿದ ಮೇಲೆ ನಾನೂ ನನ್ನ ಸಲಹೆಯನ್ನು ಸ್ವಲ್ಪ ಬದಲಾಯಿಸುತ್ತೇನೆ. ಕೇವಲ ಎರಡು ಟ್ರ್ಯಾಕಿನ ನೇರ ದಾಖಲೆ ಎಂದರೆ ಮ್ಯಾಕ್ ಬೇಕೇಬೇಕು ಎನ್ನುವ ಹಾಗಿಲ್ಲ. ನನಗೆ ಅದು ಬೇಕಾಗಿರುವುದು ಬೇರೆ ಕಾರಣಕ್ಕೆ. ನಾನು ಕೆಲಸ ಮಾಡುವವರೆಲ್ಲ ಲಾಜಿಕ್ ಎಂಬ ರೆಕಾರ್ಡಿಂಗ್ ತಂತ್ರಾಂಶ ಬಳಸುತ್ತಾರೆ, ಅದು ಮ್ಯಾಕ್‌ನಲ್ಲಿ ಮಾತ್ರ ಓಡುತ್ತದೆ. ಧ್ವನಿ ತಿದ್ದಲು ನಾನು ಕೊಂಡ ಪ್ಲಗಿನ್‌ಗಳಲ್ಲಿ ಅರ್ಧದಷ್ಟಕ್ಕೆ ಐಲಾಕ್ ಪರವಾನಗಿ ಬೇಕು, ಅದು ಲಿನಕ್ಸ್‌ಗೆ ಇಲ್ಲ. ಮ್ಯಾಕ್‌ನಲ್ಲೂ ಎಲ್ಲವೂ ಸುಖವಲ್ಲ. 2019ರಲ್ಲಿ ಕ್ಯಾಟಲಿನಾ ಎಂಬ ಮ್ಯಾಕ್ ಓಎಸ್ ಆವೃತ್ತಿ ಬಂದಾಗ 32 ಬಿಟ್ ಪ್ಲಗಿನ್‌ಗಳೆಲ್ಲ ಒಂದೇ ರಾತ್ರಿಯಲ್ಲಿ ಸತ್ತವು, ಬರೆದಿಟ್ಟ ಯೋಜನೆಗಳು ತೆರೆದರೂ ಬಾಯಿಬಿಡಲಿಲ್ಲ. ಅಂದಿನಿಂದ ಹೊಸ ಆವೃತ್ತಿ ಬಂದ ಮೇಲೆ ಆರು ತಿಂಗಳು ನಾನು ಅದರ ಕಡೆ ತಿರುಗಿಯೂ ನೋಡುವುದಿಲ್ಲ.

ಮೇಡಂ, ಮುಂದೆ ಪ್ಲಗಿನ್, ಕೀಬೋರ್ಡ್ ಎಂದೆಲ್ಲ ಆಸೆ ಇದೆಯೇ? ಇಲ್ಲವಾದರೆ ಕಿರುತಂತಿಯವರ ಮಾತನ್ನು ಒಮ್ಮೆ ಪರೀಕ್ಷಿಸಿ ನೋಡಿ. ಹೇಳಲು ಹೊಟ್ಟೆ ಉರಿಯುತ್ತದೆ, ಆದರೂ.

ಕಿರುತಂತಿ, ನವೆಂಬರ್ 10, ಬೆಳಿಗ್ಗೆ 7.30

ಈ ಮಾತನ್ನು ಚೌಕಟ್ಟು ಹಾಕಿಸಿ ಇಟ್ಟುಕೊಳ್ಳುತ್ತೇನೆ. 64 ಸ್ಯಾಂಪಲ್ ಎಂದು ಮೊನ್ನೆ ಕೊಚ್ಚಿಕೊಂಡಿದ್ದು ಇಲ್ಲಿಗೆ ಅನಗತ್ಯವಾಗಿತ್ತು, ಅದನ್ನೂ ಒಪ್ಪುತ್ತೇನೆ.

ಅಕ್ಕಾ, ಏನನ್ನೂ ಅಳಿಸದೆ ಪರೀಕ್ಷಿಸುವ ದಾರಿ ಇದೆ. ಉಬುಂಟು ಸ್ಟುಡಿಯೊವನ್ನು ಪೆನ್‌ಡ್ರೈವಿಗೆ ಬರೆದುಕೊಂಡು ಅದರಿಂದಲೇ ಲ್ಯಾಪ್‌ಟಾಪನ್ನು ಚಾಲೂ ಮಾಡಿ. ಅಳವಡಿಸಬೇಕೇ, ಸುಮ್ಮನೆ ನೋಡಬೇಕೇ ಎಂದು ಕೇಳುತ್ತದೆ, ನೋಡುತ್ತೇನೆ ಎನ್ನಿ. ಪೆಟ್ಟಿಗೆ ಚುಚ್ಚಿ. ಈಗಿನ ಬಹುತೇಕ ಇಂಟರ್‌ಫೇಸ್‌ಗಳು ಯುಎಸ್‌ಬಿ ಆಡಿಯೊದ ಸಾಮಾನ್ಯ ನಿಯಮಕ್ಕೆ ಬದ್ಧವಾಗಿರುವುದರಿಂದ ಡ್ರೈವರ್ ಇಲ್ಲದೆ ಕಾಣಿಸಿಕೊಳ್ಳಬೇಕು. ಕಾಣಿಸದಿದ್ದರೆ ಪೆನ್‌ಡ್ರೈವ್ ಕಿತ್ತುಬಿಡಿ, ವಿಂಡೋಸ್ ಇದ್ದಲ್ಲೇ ಇರುತ್ತದೆ, ಕಳೆದುಕೊಂಡದ್ದು ಒಂದು ಸಂಜೆ.

ಇಷ್ಟವಾದರೆ ಆಮೇಲೆ ಹೊಸ ಎಸ್‌ಎಸ್‌ಡಿ ಕೊಂಡು ಅದಕ್ಕೆ ಅಳವಡಿಸಿ. ವಿಂಡೋಸ್ ಇರುವ ಹಳೆಯ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡಿ. ಆರ್ಡರ್ ತೆರೆದಾಗ ಆಡಿಯೊ ವ್ಯವಸ್ಥೆ ಯಾವುದೆಂದು ಕೇಳುತ್ತದೆ. ಆಲ್ಸಾ ಆರಿಸಿ, ನಿಮ್ಮ ಪೆಟ್ಟಿಗೆಯ ಹೆಸರು ಆರಿಸಿ, 48,000, 1024. ಇಷ್ಟೇ. ಬೇರೆ ಯಾವುದನ್ನೂ ಮುಟ್ಟಬೇಡಿ. 24 ಬಿಟ್‌ನಲ್ಲಿ ಎರಡು ಟ್ರ್ಯಾಕಿಗೆ ಗಂಟೆಗೆ ಒಂದು ಜಿಬಿಗಿಂತ ತುಸು ಹೆಚ್ಚು ಜಾಗ ಬೇಕು, 256 ಜಿಬಿ ಡಿಸ್ಕಿನಲ್ಲಿ ಈ ಚಳಿಗಾಲವಿಡೀ ದಾಖಲಿಸಬಹುದು. ಧ್ವನಿಮಟ್ಟ ಏರಿದಾಗಲೂ ಮೈನಸ್ 12 ಡೆಸಿಬಲ್ ದಾಟದಂತೆ ಪೆಟ್ಟಿಗೆಯ ಗೇನ್ (ಮೈಕಿನ ಧ್ವನಿಯನ್ನು ಹಿಗ್ಗಿಸುವ ಮಟ್ಟ) ಇಡಿ.

ಹೊಳೆಸಾಲು, ನವೆಂಬರ್ 16, ರಾತ್ರಿ 10.05

ಭಾನುವಾರ ಪೂರ್ತಿ ಇದಕ್ಕೇ ಹೋಯಿತು. ಚಾರ್ಜರ್ ಕಿತ್ತ ಕೂಡಲೇ ಝುಂಯ್ ಹೋಯಿತು. ಕಾಳಿ ಎರಡು ಅಣ್ಣ, ನಿಮ್ಮ ಮಾತು ನಿಜ. ಎಲೆಕ್ಟ್ರಿಷಿಯನ್ ಬಂದು ಬಿಚ್ಚಿದರೆ ಮೂರನೆಯ ತೂತಿನ ಹಿಂದೆ ಜೇಡರಬಲೆ ಬಿಟ್ಟರೆ ಏನೂ ಇರಲಿಲ್ಲ.

ಪೆನ್‌ಡ್ರೈವಿನಿಂದ ಲಿನಕ್ಸ್ ಎದ್ದಿತು. ಆದರೆ ನನ್ನ ಪೆಟ್ಟಿಗೆ ಅದಕ್ಕೆ ಇನ್ನೊಂದು ಪೆನ್‌ಡ್ರೈವಿನ ಹಾಗೆ ಕಾಣುತ್ತಿದೆ! ಒಳಗೆ ಒಂದು ವೆಬ್‌ಸೈಟಿನ ಕೊಂಡಿ ಇದೆ, ಅಷ್ಟೇ. ಹೆದರಿ ಕಿತ್ತುಬಿಟ್ಟೆ.

ಕಿರುತಂತಿ, ನವೆಂಬರ್ 16, ರಾತ್ರಿ 10.18

ಹೆದರಬೇಡಿ, ನಿಮ್ಮ ಪೆಟ್ಟಿಗೆಯದು ಯಾವ ತಲೆಮಾರು ಎಂದು ಈಗ ಗೊತ್ತಾಯಿತು, ನನ್ನದೂ ಅದೇ. ಮೊದಲ ಸಲ ಚುಚ್ಚಿದಾಗ ನೋಂದಣಿ ಪುಟ ತೋರಿಸಲೆಂದು ಹಾಗೆ ವೇಷ ಹಾಕಿಕೊಂಡಿರುತ್ತದೆ. 48 ವೋಲ್ಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಯುಎಸ್‌ಬಿ ಚುಚ್ಚಿ, ಐದಾರು ಸೆಕೆಂಡು ಬಿಟ್ಟು ಕೈ ತೆಗೆಯಿರಿ. ಆಮೇಲೆ ಒಮ್ಮೆ ಕಿತ್ತು ಮತ್ತೆ ಚುಚ್ಚಿ. ವೇಷ ಕಳಚುತ್ತದೆ.

ಹೊಳೆಸಾಲು, ನವೆಂಬರ್ 16, ರಾತ್ರಿ 10.47

ಕಳಚಿತು. ಅಮ್ಮನ ಗೊರಕೆಯನ್ನು ದಾಖಲಿಸಿ ಪರೀಕ್ಷಿಸಿದೆ. ಅಮ್ಮನಿಗೆ ಹೇಳಿಲ್ಲ.

ಮದ್ದಲೆ ಗತ್ತು, ನವೆಂಬರ್ 17, ಬೆಳಿಗ್ಗೆ 7.15

ಅದಕ್ಕೆ ಮದ್ದಲೆ ಬೇಕಿದ್ದರೆ ಹೇಳಿ.

ಹೊಳೆಸಾಲು, ಡಿಸೆಂಬರ್ 14, ರಾತ್ರಿ 9.30

ತಡವಾಗಿ ಬರೆಯುತ್ತಿದ್ದೇನೆ, ಅರ್ಧವಾರ್ಷಿಕ ಪರೀಕ್ಷೆಯ ಗಲಾಟೆ. ಹೊಸ ಎಸ್‌ಎಸ್‌ಡಿ, ಹತ್ತು ಮೀಟರಿನ ಎರಡು ಮೈಕ್ ಕೇಬಲ್, ಎಲೆಕ್ಟ್ರಿಷಿಯನ್ನರ ಕೂಲಿ, ಎಲ್ಲ ಸೇರಿ ಖರ್ಚು ಐದು ಸಾವಿರ ದಾಟಲಿಲ್ಲ. ನಿನ್ನೆ ಮೊದಲ ಸಂಧಿ ಮುಗಿಯಿತು. ಎಪ್ಪತ್ತು ನಿಮಿಷ. ಆರ್ಡರ್‌ನ ಮೇಲ್ತುದಿಯಲ್ಲಿ ಬಫರ್ ತಪ್ಪಿದ ಲೆಕ್ಕ ತೋರಿಸುವ ಜಾಗವನ್ನೇ ನೋಡುತ್ತಾ ಪಕ್ಕದ ಕೋಣೆಯಲ್ಲಿ ಕೂತಿದ್ದೆ. ಕೊನೆಯವರೆಗೂ ಸೊನ್ನೆ.

ಇವತ್ತು ಬೆಳಿಗ್ಗೆ ಅಪ್ಪನಿಗೆ ಕೇಳಿಸಲು ಕೂತೆ. ತೆರೆಯುವಾಗ ಏನೋ ಎಚ್ಚರಿಕೆ ಬಂತು, ಓದದೆ ಸರಿ ಎಂದು ಒತ್ತಿದೆ. ಅಪ್ಪ ಎರಡು ಸಾಲು ಕೇಳಿದವರೇ, "ಇದು ನಾನಲ್ಲ" ಎಂದರು. ನೀವೇ ಅಪ್ಪಾ ಎಂದೆ. "ಶ್ರುತಿ ನನ್ನದಲ್ಲ. ನಾನು ಎರಡು ಮನೆ ಶ್ರುತಿಯಲ್ಲಿ ಹೇಳಿದ್ದು, ಇದು ಒಂದೂವರೆಗೂ ಮುಟ್ಟುತ್ತಿಲ್ಲ. ವಯಸ್ಸಾಯಿತು ಎಂದು ಯಂತ್ರವೂ ಹೇಳುತ್ತಿದೆಯೋ?" ಎಂದು ಎದ್ದು ತೋಟಕ್ಕೆ ಹೋದರು. ಗಮನವಿಟ್ಟು ಕೇಳಿದರೆ ಧ್ವನಿ ನಿಜಕ್ಕೂ ಭಾರವಾಗಿದೆ, ನಿಧಾನವಾಗಿಯೂ ಇದೆ. ನನ್ನ ಕೈಕಾಲು ತಣ್ಣಗಾಗಿವೆ. ದಾಖಲೆ ಹಾಳಾಯಿತೇ?

ಕಿರುತಂತಿ, ಡಿಸೆಂಬರ್ 14, ರಾತ್ರಿ 9.36

ಹಾಳಾಗಿಲ್ಲ, ಹಾಳಾಗಿಲ್ಲ. ಮೊದಲು ನೀರು ಕುಡಿಯಿರಿ.

ನಿನ್ನೆ 48,000ದಲ್ಲಿ ದಾಖಲಿಸಿದ್ದೀರಿ. ಇವತ್ತು ತೆರೆಯುವಾಗ ಆ ಪಟ್ಟಿಯಲ್ಲಿ 44,100 ಆಯ್ಕೆಯಾಗಿದೆ. ನೀವು ಓದದೆ ಒತ್ತಿದ ಎಚ್ಚರಿಕೆ ಇದನ್ನೇ ಹೇಳುತ್ತಿತ್ತು. ಸೆಕೆಂಡಿಗೆ ನಲವತ್ತೆಂಟು ಸಾವಿರ ಹೆಜ್ಜೆ ಇಟ್ಟು ನಡೆದದ್ದನ್ನು ಈಗ ನಲವತ್ನಾಲ್ಕು ಸಾವಿರದ ನೂರು ಹೆಜ್ಜೆಯಲ್ಲಿ ನಡೆಸುತ್ತಿದೆ. ಆದ್ದರಿಂದ ನಿಧಾನ, ಆದ್ದರಿಂದ ತಗ್ಗು. ಎಪ್ಪತ್ತು ನಿಮಿಷದ್ದು ಎಪ್ಪತ್ತಾರಕ್ಕೆ ಎಳೆಯುತ್ತದೆ. ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಇಳಿಯುತ್ತದೆ. ಫೈಲ್ ಮಾತ್ರ ಹೇಗಿತ್ತೋ ಹಾಗೇ ಇದೆ. ಮುಚ್ಚಿ, ಮತ್ತೆ ತೆರೆಯುವಾಗ 48,000 ಆರಿಸಿ.

ಕಾಳಿ ಎರಡು, ಡಿಸೆಂಬರ್ 14, ರಾತ್ರಿ 9.58

ಶ್ರುತಿಯ ಲೆಕ್ಕದಲ್ಲಿ ಒಂದು, ಒಂದೂವರೆ, ಎರಡು ಮನೆಗಳ ನಡುವೆ ಒಂದೊಂದು ಸ್ವರಸ್ಥಾನ. ಎರಡು ಮನೆಯಿಂದ ಒಂದೂವರೆ ಸ್ವರಸ್ಥಾನ ಇಳಿದರೆ ಒಂದು ಮನೆಗೂ ಒಂದೂವರೆ ಮನೆಗೂ ನಡುವೆ ಬಂದು ನಿಲ್ಲುತ್ತದೆ. ನಿಮ್ಮ ತಂದೆಯವರು ಎರಡು ಸಾಲಿನಲ್ಲಿ ಹೇಳಿದ್ದನ್ನು ಹಾರ್ಮೋನಿಯಂ ಎದುರಿಗಿಟ್ಟುಕೊಂಡು ಈಗ ಖಾತ್ರಿ ಮಾಡಿಕೊಂಡೆ. ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಹೊಳೆಸಾಲು, ಡಿಸೆಂಬರ್ 14, ರಾತ್ರಿ 10.12

ಸರಿಹೋಯಿತು! ಅಪ್ಪನನ್ನು ಎಬ್ಬಿಸಿ ಕೇಳಿಸಿದೆ. ಐದು ನಿಮಿಷ ಸುಮ್ಮನೆ ಕೇಳಿದರು. ನಂತರ ಹೇಳಿದ್ದು ಒಂದೇ ಮಾತು, ವ್ಯಾಖ್ಯಾನದಲ್ಲಿ ಸ್ನೇಹಿತರು ಒಂದು ಪದದ ಅರ್ಥವನ್ನು ತಪ್ಪು ಹೇಳಿದ್ದಾರಂತೆ. ನಾಳೆಯೇ ಹೋಗಿ ಕೇಳುತ್ತಾರಂತೆ.

ಹಳೆಯ ಸ್ಪೂಲು, ಡಿಸೆಂಬರ್ 15, ಬೆಳಿಗ್ಗೆ 6.05

ಸಂತೋಷ. ಪ್ರತಿ ಎಂದು ಬೇರೆ ಕಡೆ ಇಟ್ಟಿರಾ? ಒಂದೇ ಡಿಸ್ಕಿನಲ್ಲಿ ಇರುವ ದಾಖಲೆಯನ್ನು ನಾನು ದಾಖಲೆ ಎಂದು ಒಪ್ಪುವುದಿಲ್ಲ. ಇನ್ನೊಂದು. ಈಗ ಸರಿಯಾಗಿ ನಡೆಯುತ್ತಿರುವ ಈ ಸಿಸ್ಟಮ್ಮಿಗೆ ಎಲ್ಲ ಸಂಧಿ ಮುಗಿಯುವವರೆಗೆ ಯಾವ ಅಪ್‌ಡೇಟನ್ನೂ ಹಾಕಬೇಡಿ, ಇಂಟರ್‌ನೆಟ್ಟಿಗೇ ಜೋಡಿಸಬೇಡಿ. ಕಿರುತಂತಿಯವರು ಕೋಪಿಸಿಕೊಂಡರೂ ಪರವಾಗಿಲ್ಲ.

ಕಿರುತಂತಿ, ಡಿಸೆಂಬರ್ 15, ಬೆಳಿಗ್ಗೆ 8.40

ಕೋಪವಿಲ್ಲ. ಈ ಒಂದು ಸಲಕ್ಕೆ.

ಹೊಳೆಸಾಲು, ಡಿಸೆಂಬರ್ 19, ರಾತ್ರಿ 9.15

ಹೊರಗಿನ ಹಾರ್ಡ್‌ಡಿಸ್ಕಿನಲ್ಲಿ ಒಂದು ಪ್ರತಿ, ಶಿವಮೊಗ್ಗದಲ್ಲಿ ತಮ್ಮನ ಮನೆಯಲ್ಲಿ ಇನ್ನೊಂದು. ಪದದ ಅರ್ಥದ ಬಗ್ಗೆ ಇಬ್ಬರಿಗೂ ಇನ್ನೂ ಒಪ್ಪಂದವಾಗಿಲ್ಲ, ಆದರೂ ನಾಳೆ ಬೆಳಿಗ್ಗೆ ಐದೂವರೆಗೆ ಎರಡನೆಯ ಸಂಧಿಗೆ ಕೂರುತ್ತಾರೆ. ಪಕ್ಕದ ಮನೆಯ ಅಡಿಕೆ ಸುಲಿಯುವ ಯಂತ್ರ ಏಳಕ್ಕೆ ಶುರುವಾಗುತ್ತದೆ, ಅಷ್ಟರೊಳಗೆ ಮುಗಿಯಬೇಕು. ಬೀಗದ ಕೈಯನ್ನು ಈಗಲೇ ಫ್ರಿಜ್‌ನಲ್ಲಿಟ್ಟಿದ್ದೇನೆ.